ಬಾಣಂತಿಗೆ ಹಾಲು ಸಾಲದೆ? ತವರಿನ ಆಶಾ ಕಾರ್ಯಕರ್ತೆಗೆ ತಿಳಿಸಿ

ದುಂಡಸಿ (ಹಾವೇರಿ ಜಿಲ್ಲೆ): ಹೆರಿಗೆ ಆಸ್ಪತ್ರೆಯಲ್ಲಿ, ಬಾಣಂತನ ತವರಿನಲ್ಲಿ. ಶಿಗ್ಗಾವಿ ತಾಲ್ಲೂಕಿನ ದುಂಡಸಿಯಿರಲಿ, ಹುಬ್ಬಳ್ಳಿ ನಗರವಿರಲಿ, ಉತ್ತರ ಕರ್ನಾಟಕದ ಬಹುತೇಕ ಮನೆಗಳ ರೂಢಿ ಇದು. ಆದರೆ ಎದೆ ಬಿಗಿದು ಹಾಲು ಕಟ್ಟುವುದು, ತೊಟ್ಟು ಒಡೆಯುವುದು, ಮಗು ಸರಿಯಾಗಿ ಚೀಪದಿರುವುದು ಮುಂತಾದ ತೊಂದರೆಗಳು ಹೆಚ್ಚಾಗಿ ತಲೆದೋರುವುದು ಮೊದಲ ವಾರದಲ್ಲಿ. ಅಂದರೆ ಬಾಣಂತಿ ದಾದಿಯರ ಕಣ್ಣಳತೆಯಿಂದ ದೂರವಾದ ಹೊತ್ತಿನಲ್ಲಿ.

ಆಸ್ಪತ್ರೆಯ ಹೆರಿಗೆ ಎಂದಮಾತ್ರಕ್ಕೆ ಸ್ತನ್ಯಪಾನ ಸುಗಮವೆಂದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದರೂ, ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಕುಡಿದ ಮಕ್ಕಳು ಶೇ. 41.8 ಮಾತ್ರ.

'ಹಾಲು ಸಾಲದು' ಎಂಬುದು ಸಾಮಾನ್ಯ ದೂರು. ಮೊದಲ ಎರಡು-ಮೂರು ದಿನ ಬರುವ ಗಿಣ್ಣುಹಾಲು ಪ್ರಮಾಣದಲ್ಲಿ ಅತ್ಯಲ್ಪವಾದರೂ ಆರೋಗ್ಯವಂತ ಶಿಶುವಿಗೆ ಸಾಮಾನ್ಯವಾಗಿ ಅಷ್ಟೇ ಸಾಕು. ಇದನ್ನರಿಯದೆ ಹಿರಿಯರು ಜೇನುತುಪ್ಪ, ಸಕ್ಕರೆ ನೀರು, ಆಕಳ ಹಾಲುಗಳನ್ನು ಒಳಲೆಯಲ್ಲಿ ಹುಯ್ಯುತ್ತಾರೆ. ಹೊಟ್ಟೆ ತುಂಬಿದ ಮಗು ಎದೆ ಚೀಪುವುದಿಲ್ಲ. ಚೀಪದಿದ್ದರೆ ಹಾಲು ಹೆಚ್ಚುವುದಿಲ್ಲ. ಕೊರತೆಯ ಭಯವೇ ಕೊರತೆಯನ್ನು ತಂದೊಡ್ಡುವ ಬಗೆಯಿದು. ಐದನೆಯ ದಿನದ ನಂತರ ಮಗು ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದ್ದು, ತೂಕವೂ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ತಿಳಿಯಬೇಕು.

ಅಂಟಿನುಂಡಿ, ಅಳ್ವಿ ಪಾಯಸ, ಬೆಳ್ಳುಳ್ಳಿ, ಸಬ್ಬಸಿಗೆಗಳು ತಾಯಿಯ ಊಟಕ್ಕೆ ಒದಗುವಂಥವೇ. ಆದರೆ ಮಗು ಎದೆ ಹಿಡಿಯುವ ಬಗೆ ತಪ್ಪಿದ್ದರೆ ಅದನ್ನು ಯಾವ ಉಂಡಿಯೂ ತಿದ್ದಲಾರದು. ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗದ ಹೆಚ್ಚಿನಂಶವೂ ಮಗುವಿನ ಬಾಯೊಳಗಿರಬೇಕು. ಗದ್ದ ಎದೆಗೆ ತಾಗಿರಬೇಕು. ಹಾಲು ಕಟ್ಟಿದ್ದರೆ ಕೈಯಿಂದ ತುಸು ಹಿಂಡಿ ಮೆತ್ತಗಾದ ಬಳಿಕ ಕುಡಿಸುವುದು ಸುಲಭ. ಎದೆ ಕೆಂಪೇರಿ ಜ್ವರ ಬಂದರೆ ವೈದ್ಯರನ್ನು ಕಾಣಬೇಕು. ಆಗಲೂ ಸಾಮಾನ್ಯವಾಗಿ ಹಾಲುಣಿಸುವುದನ್ನು ನಿಲ್ಲಿಸಬೇಕಿಲ್ಲ.

ಇದನ್ನು ಮನೆಗೇ ಬಂದು ನೋಡಿ ಹೇಳಿಕೊಡುವ ವ್ಯವಸ್ಥೆಯೂ ಇದೆ. 2011ರಲ್ಲಿ ಆರಂಭವಾದ ಗೃಹಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದಡಿ ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಹಾಗೂ 42ನೆಯ ದಿನ ಭೇಟಿ ನೀಡಬೇಕು. ಮಗುವನ್ನು ತೂಗಿ, ಹಾಲುಣಿಸುವ ಕ್ರಮವನ್ನು ಗಮನಿಸುವುದು ಅವರ ಕೆಲಸ. ತೊಡಕಿರುವುದು ಇಲ್ಲಿಯೇ: ಗರ್ಭಿಣಿಯ ಹೆಸರು ಗಂಡನ ಊರಿನಲ್ಲಿ ನೋಂದಣಿಯಾಗಿರುತ್ತದೆ, ಕೂಸು ತವರಿನಲ್ಲಿರುತ್ತದೆ. ಹೆರಿಗೆಗೆ ಮುನ್ನವೇ ತವರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡನ್ನು ಜೊತೆಗೆ ಒಯ್ಯುವುದು ಮನೆಯವರ ಹೊಣೆ.

ಮಗು ಹಾಲು ಕುಡಿಯಲೊಲ್ಲದೆ ಮಂಕಾದರೆ, ಮೂತ್ರ ತೀರಾ ಕಡಿಮೆಯಾದರೆ, ಅಂಗೈ-ಅಂಗಾಲುಗಳವರೆಗೆ ಹಳದಿ ಹರಡಿದರೆ ಮುಂದಿನ ಭೇಟಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.