ಶಾಸನಶಾಸ್ತ್ರ ಡಿಪ್ಲೊಮಾದಲ್ಲಿ ಲಿಪಿಪಾಠದ ಕ್ರಮ: ಒಂದು ಮರುವಿಚಾರ

ಕನ್ನಡ ಶಾಸನಶಾಸ್ತ್ರದ ಡಿಪ್ಲೊಮಾ ತರಗತಿಗಳಲ್ಲಿ ಲಿಪಿಯ ಪಾಠ ಸಾಮಾನ್ಯವಾಗಿ ಅಶೋಕನ ಬ್ರಾಹ್ಮಿಯಿಂದ ಶುರುವಾಗುತ್ತದೆ. ಗೋಡೆಗೆ ತೂಗುಹಾಕಿದ ಅಕ್ಷರಪಟದ ಒಂದು ತುದಿಯಲ್ಲಿ ಕ್ರಿ.ಪೂ. ಮೂರನೆಯ ಶತಮಾನದ ‘ಕ’, ಇನ್ನೊಂದು ತುದಿಯಲ್ಲಿ ಇಂದಿನ ‘ಕ’. ನಡುವೆ ಸಾತವಾಹನ, ಕದಂಬ, ಬಾದಾಮಿ ಚಾಲುಕ್ಯ, ರಾಷ್ಟ್ರಕೂಟ, ಕಲ್ಯಾಣ ಚಾಲುಕ್ಯ, ಹೊಯ್ಸಳ, ವಿಜಯನಗರ ಕಾಲದ ರೂಪಗಳು. ವಿದ್ಯಾರ್ಥಿಗಳು ಇವನ್ನು ಮೇಲಿಂದ ಮೇಲೆ ಬರೆದು ಕೈಗೆ ಹಿಡಿಸಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ. ಅವರಲ್ಲಿ ಅನೇಕರು ಊರಿನ ಕೆರೆಯ ಏರಿಯ ಮೇಲಿನ ವೀರಗಲ್ಲಿನ ಮುಂದೆ ನಿಂತಾಗ ಎರಡು ಸಾಲು ದಾಟಲಾರರು. ಇದಕ್ಕೆ ಕಾರಣ ವಿದ್ಯಾರ್ಥಿಗಳ ಶ್ರದ್ಧೆಯ ಕೊರತೆಯಲ್ಲ, ಪಾಠದ ಕ್ರಮವೇ ಎಂದು ನಾನು ತಿಳಿದಿದ್ದೇನೆ. ಪಾಠ ಹೊಯ್ಸಳರ ಕಲ್ಲಿನಿಂದ ಹೊರಟು ಹಿಂದಕ್ಕೆ ಸಾಗಬೇಕು, ಪಟ ಕೊನೆಗೆ ಬರಬೇಕು ಎಂಬುದು ಈ ಲೇಖನದ ವಾದ.

ಈ ಕ್ಷೇತ್ರದ ಅಧ್ಯಯನದ ಇತಿಹಾಸವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಬರ್ನೆಲ್‌ನ ದಕ್ಷಿಣ ಭಾರತ ಲಿಪಿಶಾಸ್ತ್ರ 1874ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಬ್ಯೂಲರ್‌ನ ಕೋಷ್ಟಕಗಳು 1896ರಲ್ಲಿ ಬಂದವು. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳು, ಆರ್. ನರಸಿಂಹಾಚಾರ್ಯರ ಮತ್ತು ಎಂ.ಎಚ್. ಕೃಷ್ಣ ಅವರ ವಾರ್ಷಿಕ ವರದಿಗಳು, ಎ.ಎನ್. ನರಸಿಂಹಯ್ಯ (1941) ಮತ್ತು ಜಿ.ಎಸ್. ಗಾಯಿ (1946) ಅವರ ವ್ಯಾಕರಣಗಳು, ಚಿದಾನಂದಮೂರ್ತಿಯವರ ಸಾಂಸ್ಕೃತಿಕ ಅಧ್ಯಯನ (1966) ಎಲ್ಲರಿಗೂ ಪರಿಚಿತ. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ, 1966ರಲ್ಲಿ ಮೈಸೂರಿನಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿದವು. ಕನ್ನಡ ಸಾಹಿತ್ಯ ಪರಿಷತ್ತು ನಡೆಸುವ ಶಾಸನಶಾಸ್ತ್ರ ಡಿಪ್ಲೊಮಾ, ಕನ್ನಡ ಎಂ.ಎ. ಮಾಡದವರಿಗೂ ಈ ವಿದ್ಯೆಯ ಬಾಗಿಲು ತೆರೆಯಿತು. ಇದರ ಮಹತ್ವದ ಬಗ್ಗೆ ಭಿನ್ನಾಭಿಪ್ರಾಯ ಇರಲಾರದು.

ಭಿನ್ನಾಭಿಪ್ರಾಯ ಇರುವುದು ಪಟದ ಬಗ್ಗೆ. ಅಕ್ಷರದ ಆಕಾರದಿಂದ ಕಾಲ ನಿರ್ಣಯಿಸಬಹುದೆಂಬ ನಂಬಿಕೆ ನಮ್ಮಲ್ಲಿ ಬೇರೂರಲು ಮುಖ್ಯ ಕಾರಣ ಜೆ.ಎಫ್. ಫ್ಲೀಟ್. ಗಂಗರ ತಾಮ್ರಶಾಸನಗಳನ್ನು ಕುರಿತು ರೈಸ್ ಮತ್ತು ಫ್ಲೀಟ್ ನಡುವೆ ನಡೆದ ವಾದದಲ್ಲಿ ಫ್ಲೀಟ್ ಖ, ಜ, ಬ, ಲ ಮೊದಲಾದ ಕೆಲವು ಅಕ್ಷರಗಳನ್ನು ಒರೆಗಲ್ಲಾಗಿ ಬಳಸಿದ. ನಾಲ್ಕೂ ಕಡೆ ಮುಚ್ಚಿದ ಚೌಕದ ‘ಬ’ ಹಳೆಯದು, ತಲೆ ತೆರೆದು ದುಂಡಾದ ‘ಬ’ ಹೊಸದು. ಈ ಹೊಸ ರೂಪ ಒಂಬತ್ತನೆಯ ಶತಮಾನದ ಆರಂಭಕ್ಕಿಂತ ಹಿಂದೆ ಸಿಗುವುದಿಲ್ಲ ಎಂಬುದು ಅವನ ನಿಲುವು. ಹೀಗಾಗಿ 388ನೆಯ ವರ್ಷದ ಉಲ್ಲೇಖವಿರುವ, ಶಕವರ್ಷವೆಂದು ಹಿಡಿದರೆ ಕ್ರಿ.ಶ. 466ಕ್ಕೆ ಸಲ್ಲುವ ಮಡಿಕೇರಿ ತಾಮ್ರಪಟ ಅವನ ದೃಷ್ಟಿಯಲ್ಲಿ ಕೂಟಶಾಸನವಾಯಿತು. ರೈಸ್ ಕೊನೆಯವರೆಗೂ ಇದನ್ನು ಒಪ್ಪಲಿಲ್ಲ.

ಮಡಿಕೇರಿ ತಾಮ್ರಪಟದ ವಿಷಯದಲ್ಲಿ ನಾನು ಫ್ಲೀಟ್‌ನ ಕಡೆಗೇ ವಾಲುತ್ತೇನೆ. ಅಕ್ಷರಗಳಷ್ಟೇ ಅಲ್ಲ, ಅದರಲ್ಲಿ ಬರುವ ‘ಅಕಾಲವರ್ಷ’ ಎಂಬ ರಾಷ್ಟ್ರಕೂಟರ ಬಿರುದೂ ಅನುಮಾನಕ್ಕೆ ಎಡೆಮಾಡುತ್ತದೆ. ನನ್ನ ತಕರಾರು ಅವನ ತೀರ್ಪಿನ ಬಗ್ಗೆ ಅಲ್ಲ, ಆ ತೀರ್ಪಿನಿಂದ ತರಗತಿಗೆ ಇಳಿದು ಬಂದ ಪದ್ಧತಿಯ ಬಗ್ಗೆ. ಫ್ಲೀಟ್ ತನ್ನ ಒರೆಗಲ್ಲನ್ನು ಕಟ್ಟಿದ್ದು ಕಾಲ ಖಚಿತವಾಗಿದ್ದ ಶಾಸನಗಳಿಂದ. ಒಂದೊಂದು ಅಕ್ಷರದ ಹಿಂದೆಯೂ ಇಂಥ ಅರಸ, ಇಂಥ ಶಕವರ್ಷ, ಇಂಥ ಊರು ಎಂಬ ಲೆಕ್ಕ ಅವನಲ್ಲಿತ್ತು. ಅದೇ ಅಕ್ಷರ ಪಟಕ್ಕೆ ಬಂದಾಗ ಊರು ಹೋಯಿತು, ವರ್ಷ ಹೋಯಿತು, ಕಲ್ಲೋ ತಾಮ್ರವೋ ಎಂಬುದೂ ಹೋಯಿತು. ಶತಮಾನ ಮಾತ್ರ ಉಳಿಯಿತು. ಸಾಕ್ಷ್ಯದಿಂದ ಹೊರಟ ತೀರ್ಮಾನ ವಿದ್ಯಾರ್ಥಿಯ ಕೈಯಲ್ಲಿ ತಾನೇ ಸಾಕ್ಷ್ಯವಾಗಿ ನಿಲ್ಲುತ್ತದೆ. ಗಂಗರ ತಾಮ್ರಪಟಗಳ ಬಗ್ಗೆ ಅಷ್ಟೊಂದು ಕಠಿಣನಾಗಿದ್ದ ಫ್ಲೀಟ್, ಪೆನುಗೊಂಡದ ತಾಮ್ರಪಟ ಬೆಳಕಿಗೆ ಬಂದಾಗ ಅದನ್ನು ನೈಜವೆಂದು ಒಪ್ಪಿ ಐದನೆಯ ಶತಮಾನಕ್ಕೆ ಹಾಕಿದ್ದನ್ನು ಇಲ್ಲಿ ನೆನೆಯಬೇಕು. ಹೊಸ ಸಾಕ್ಷ್ಯಕ್ಕೆ ಮಣಿಯುವ ಆ ಗುಣವನ್ನು ಪಟ ಕಲಿಸಲಾರದು.

ಹಿಂದಕ್ಕೆ ಸಾಗುವ ಕ್ರಮ ಹೇಗಿರುತ್ತದೆ? ಹನ್ನೆರಡನೆಯ ಶತಮಾನದ ಹೊಯ್ಸಳ ಶಾಸನವೊಂದರ ಪಡಿಯಚ್ಚನ್ನು ತೆಗೆದುಕೊಳ್ಳೋಣ. ಪ್ರಶಸ್ತಿಭಾಗದಲ್ಲಿ ‘ದ್ವಾರಾವತೀಪುರವರಾಧೀಶ್ವರ’ ಎಂಬ ಬಿರುದು ಬರುತ್ತದೆ. ಹನ್ನೊಂದು ಅಕ್ಷರಗಳ ಈ ಒಂದೇ ಪದದಲ್ಲಿ ರಕಾರ ನಾಲ್ಕು ಸಲ ಬರುತ್ತದೆ. ವಕಾರ ಎರಡು ಸಲ ಬಿಡಿಯಾಗಿ, ಎರಡು ಸಲ ಒತ್ತಾಗಿ ಸಿಗುತ್ತದೆ. ಪಕಾರ ಅದರ ಹತ್ತಿರವೇ ಇದೆ. ದಕಾರ, ಧಕಾರಗಳೂ ಇವೆ. ಪ–ವ, ದ–ಧಗಳಲ್ಲಿ ಎಡವದ ಹೊಸ ಓದುಗರನ್ನು ನಾನು ಕಂಡಿಲ್ಲ. ತಲೆ ತೆರೆದಿದ್ದರೆ ಪ, ಮುಚ್ಚಿದ್ದರೆ ವ. ಆದರೆ ಮಳೆಗೆ ಸವೆದ ಕಲ್ಲಿನಲ್ಲಿ ವಕಾರದ ಮೇಲುಗೆರೆ ಅಳಿಸಿ ಪಕಾರದಂತೆ ತೋರುತ್ತದೆ, ಚಕ್ಕೆ ಎದ್ದ ಜಾಗದಲ್ಲಿ ಪಕಾರ ವಕಾರವಾಗುತ್ತದೆ. ಪಟದಲ್ಲಿ ಅಕ್ಷರ ಸವೆಯುವುದೇ ಇಲ್ಲ. ಪದ ಮೊದಲೇ ಗೊತ್ತಿದ್ದಾಗ ಮಾತ್ರ ಸವೆತ ಯಾವುದು, ಉಳಿಯ ಗೆರೆ ಯಾವುದು ಎಂಬುದನ್ನು ಕಣ್ಣು ಬೇರ್ಪಡಿಸಲು ಕಲಿಯುತ್ತದೆ.

ಪಡಿಯಚ್ಚನ್ನು ವಿದ್ಯಾರ್ಥಿಗಳೇ ತೆಗೆಯುವುದು ಇನ್ನೂ ಒಳ್ಳೆಯದು. ಕಲ್ಲಿನ ಪಾಚಿ, ಸುಣ್ಣ, ಎಣ್ಣೆಯ ಜಿಡ್ಡು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು ಕಾಗದವನ್ನು ಅಕ್ಷರದ ತಗ್ಗಿಗೆ ಇಳಿಸಿ, ಮಸಿ ಹಚ್ಚಿದ ಬಟ್ಟೆಯ ಉಂಡೆಯಿಂದ ಹಗುರವಾಗಿ ತಟ್ಟುತ್ತ ಹೋಗಬೇಕು. ಅಕ್ಷರ ಬೆಳ್ಳಗೆ ಉಳಿದು ಸುತ್ತ ಕಪ್ಪೇರುತ್ತದೆ. ಬಡಿತ ಸಾಲದಿದ್ದರೆ ತೆಳುವಾದ ಗೆರೆ ಮಸಿಯಲ್ಲಿ ಮುಳುಗಿಹೋಗುತ್ತದೆ. ಧಕಾರದ ಸೀಳು ಹೀಗೆ ಕಾಣೆಯಾದುದನ್ನು ಒಮ್ಮೆ ಕಣ್ಣಾರೆ ಕಂಡವರು ಮುಂದೆ ಅಚ್ಚಾದ ಪಾಠವನ್ನೂ ಪ್ರಶ್ನಿಸಿ ಓದುತ್ತಾರೆ.

ಹೊಯ್ಸಳರಿಂದ ಹಿಂದಕ್ಕೆ ಹೋದಂತೆ ಹೊಸ ಅಕ್ಷರಗಳು ಒಂದೊಂದಾಗಿ ಎದುರಾಗುತ್ತವೆ. ೞಕಾರ ಹೊಯ್ಸಳರ ಕಾಲಕ್ಕಾಗಲೇ ಳಕಾರದೊಂದಿಗೆ ಬೆರೆತಿತ್ತು. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಅದು ಬರುವ ಪದಗಳನ್ನು ಪಟ್ಟಿಮಾಡಿ ಹೇಳಬೇಕಾಯಿತು. ರಾಷ್ಟ್ರಕೂಟರ ಕಲ್ಲುಗಳಿಗೆ ಬಂದಾಗ ಅದು ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಕಾಲ ನಮೂದಾದ ಶಾಸನಗಳನ್ನೇ ಹಿಡಿದು ಹೀಗೆ ಇಳಿದರೆ, ಬಾದಾಮಿಯ ಮೂರನೆಯ ಗುಹೆಯಲ್ಲಿ ಶಕ 500ಕ್ಕೂ (ಕ್ರಿ.ಶ. 578), ಅಲ್ಲಿನ ಕೋಟೆಯ ಬಂಡೆಯಲ್ಲಿ ಒಂದನೆಯ ಪುಲಕೇಶಿಯ ಶಕ 465ಕ್ಕೂ (ಕ್ರಿ.ಶ. 543) ಮುಟ್ಟುತ್ತೇವೆ. ಅಲ್ಲಿಂದ ಹಿಂದೆ ಶಕವರ್ಷದ ಆಸರೆ ತಪ್ಪುತ್ತದೆ.

ನನ್ನ ವಾದದ ಬಲವೆಲ್ಲ ಇಲ್ಲಿದೆ. 1936ರಲ್ಲಿ ಬೇಲೂರು ತಾಲ್ಲೂಕಿನಲ್ಲಿ ದೊರೆತ ಹಲ್ಮಿಡಿ ಶಾಸನದಲ್ಲಿ ತೇದಿಯಿಲ್ಲ. ಕೃಷ್ಣ ಅವರು ಅದನ್ನು ಸುಮಾರು ಕ್ರಿ.ಶ. 450 ಎಂದರು, ಆಮೇಲಿನ ಕೆಲವರು ಇನ್ನೂ ಈಚೆಗೆ ತಂದರು. ಕೆಲವು ವರ್ಷಗಳ ಹಿಂದಿನ ಉತ್ಖನನದಲ್ಲಿ ಸಿಕ್ಕ ತಾಳಗುಂದದ ಸಿಂಹಕಟಾಂಜನ ಶಾಸನವನ್ನು ಸುಮಾರು ಕ್ರಿ.ಶ. 370 ಎಂದು ಹೇಳಲಾಗಿದೆ. ಪಟದ ಎಡತುದಿಯಿಂದ ಬಂದ ವಿದ್ಯಾರ್ಥಿಗೆ ಈ ಎರಡು ಅಂಕಿಗಳೂ 543ರಷ್ಟೇ ಗಟ್ಟಿಯಾಗಿ ಕಾಣುತ್ತವೆ. ಹಿಂದಕ್ಕೆ ಇಳಿದು ಬಂದವರಿಗೆ ಆಧಾರ ಎಲ್ಲಿ ಮುಗಿದು ಊಹೆ ಎಲ್ಲಿ ಶುರುವಾಯಿತು ಎಂಬುದು ತಿಳಿದಿರುತ್ತದೆ. ಅವರು ಕಾಲವನ್ನು ಒಂದು ವರ್ಷವಾಗಿ ಹೇಳದೆ ಎರಡು ಮೇರೆಗಳ ನಡುವೆ ಹೇಳುತ್ತಾರೆ.

ಈ ಕ್ರಮದಲ್ಲಿ ಕಲಿತವರು ಒಂದು ವರ್ಷದ ಡಿಪ್ಲೊಮಾ ಮುಗಿಸಿ ಸ್ವತಂತ್ರವಾಗಿ ಶಾಸನ ಓದಬಲ್ಲರು ಎಂದು ನಾನು ಹೇಳುವಾಗ ಕೆಲವು ಮಿತಿಗಳನ್ನು ಇಟ್ಟುಕೊಂಡೇ ಹೇಳುತ್ತಿದ್ದೇನೆ. ಹನ್ನೊಂದರಿಂದ ಹದಿನಾಲ್ಕನೆಯ ಶತಮಾನದ, ಸಾಕಷ್ಟು ಉಳಿದಿರುವ, ಕನ್ನಡದ ಶಿಲಾಶಾಸನಗಳಿಗೆ ಮಾತ್ರ ಈ ಮಾತು ಸಲ್ಲುತ್ತದೆ. ಅಲ್ಲಿಯೂ ಇನ್ನೊಬ್ಬರು ಕಲ್ಲಿನ ಮುಂದೆ ನಿಂತು ಓದನ್ನು ತಾಳೆನೋಡಬೇಕು. ಬ್ರಾಹ್ಮಿಯಿಂದ ಬರದೆ ಅಕ್ಷರದ ಬೆಳವಣಿಗೆ ತಿಳಿಯದು ಎಂಬ ಆಕ್ಷೇಪ ಲಿಪಿಯ ಚರಿತ್ರೆಗೆ ಸಂಬಂಧಿಸಿದ್ದು, ಓದಿಗೆ ಅಲ್ಲ. ಆ ಚರಿತ್ರೆಗೆ ಎರಡನೆಯ ಅರ್ಧವರ್ಷದಲ್ಲಿ ಅವಕಾಶವಿದೆ. ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೆ: ಗೊತ್ತಿರುವ ಬಿರುದಿನಿಂದ ಕಲಿತವರು ಕಲ್ಲಿನಲ್ಲಿ ಇಲ್ಲದ್ದನ್ನೂ ಇದೆಯೆಂದು ಓದಿಬಿಡುತ್ತಾರೆ. ಇದು ನಿಜವಾದ ಅಪಾಯವೆಂದು ಒಪ್ಪುತ್ತೇನೆ. ಪರೀಕ್ಷೆಯನ್ನು ಪ್ರಶಸ್ತಿಭಾಗದಿಂದ ತೆಗೆದು ದತ್ತಿಭಾಗಕ್ಕೆ ತಂದರೆ ಅದು ಸ್ವಲ್ಪಮಟ್ಟಿಗೆ ತಗ್ಗೀತು. ಗದ್ದೆ ಎಷ್ಟು ಸಲಗೆ, ಬೆದ್ದಲು ಎಷ್ಟು ಕೊಳಗ, ಮೂಡಣ ಗಡಿಯ ಹಳ್ಳದ ಹೆಸರೇನು, ಸಾಕ್ಷಿ ನಿಂತ ಗೌಡ ಯಾರು ಎಂಬುದನ್ನು ಯಾವ ಬಿರುದಿನ ನೆನಪೂ ಹೇಳಿಕೊಡದು. ಎಪಿಗ್ರಾಫಿಯಾ ಕರ್ನಾಟಿಕದ ಅಚ್ಚಾದ ಪಾಠವನ್ನು ವಿವರಿಸಿ ಎಂಬ ಪ್ರಶ್ನೆಗೆ ಪ್ರಮಾಣಪತ್ರ ಕೊಡುವುದಕ್ಕಿಂತ, ಹಿಂದೆ ಕಾಣದ ಪಡಿಯಚ್ಚಿನಲ್ಲಿ ಇಂಥ ಹತ್ತು ಸಾಲು ಓದಿಸಿ, ಓದಲಾಗದ ಅಕ್ಷರವನ್ನು ಚೌಕಕಂಸದಲ್ಲಿ ಪ್ರಾಮಾಣಿಕವಾಗಿ ಬಿಟ್ಟವರಿಗೂ ಅಂಕ ಕೊಟ್ಟು ಪ್ರಮಾಣಪತ್ರ ಕೊಡುವುದು ಸರಿ.

ಇತ್ಯರ್ಥವಾಗದ ಸಂಗತಿಗಳು ಉಳಿದಿವೆ. ವಿಜಯನಗರದ ನಂದಿನಾಗರಿ ತಾಮ್ರಪಟಗಳಿಗೆ, ಕೋಲಾರದ ಕಡೆಯ ಗ್ರಂಥ–ತಮಿಳು ಶಾಸನಗಳಿಗೆ ಈ ಕ್ರಮ ಹೊಂದುವುದೋ ಇಲ್ಲವೋ ಎಂಬುದನ್ನು ಆ ಲಿಪಿಗಳನ್ನು ಕಲಿಸುವವರೇ ಹೇಳಬೇಕು. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲೂ ಸೇರಿದಂತೆ ಬೆಂಗಳೂರಿನ ಶಾಸನಗಳನ್ನು ಮಿಥಿಕ್ ಸೊಸೈಟಿಯವರು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಬೆಳಕನ್ನು ಬೇಕಾದ ಕೋನಕ್ಕೆ ತಿರುಗಿಸಿ ಓದಬಹುದಾದ ಆ ಚಿತ್ರಗಳು ತರಗತಿಯಲ್ಲಿ ಪಡಿಯಚ್ಚಿನ ಜಾಗವನ್ನು ತುಂಬಬಲ್ಲವೇ, ಅಥವಾ ಕಾಗದ ಬಡಿಯುವ ಕೈಯಿಂದ ಬರುವ ತಿಳಿವಳಿಕೆ ಬೇರೆಯೇ ಎಂಬುದನ್ನು ಎರಡು ತಂಡಗಳಿಗೆ ಒಂದೇ ಕಲ್ಲನ್ನು ಕೊಟ್ಟು ಪರೀಕ್ಷಿಸಬೇಕಾಗಿದೆ.