ಒಂದೇ ತುದಿಯಿಂದ ದಿನವಿಡೀ



ಕ್ರಿಕೆಟ್ ಆಟದ ಇತಿಹಾಸವನ್ನು ನಾವು ಹೆಚ್ಚಾಗಿ ಬ್ಯಾಟು ಹಿಡಿದವರ ಹೆಸರಿನಲ್ಲೇ ಹೇಳುತ್ತೇವೆ. ಯಾರು ನೂರು ಹೊಡೆದರು, ಯಾರು ಸಿಕ್ಸರ್ ಎತ್ತಿದರು ಎಂಬುದು ಬಾಯಿಂದ ಬಾಯಿಗೆ ಹರಡುತ್ತದೆ. ಬೆಳಗಿನಿಂದ ಸಂಜೆಯವರೆಗೆ ಒಂದೇ ತುದಿಯಿಂದ ಚೆಂಡೆಸೆದು, ಓಟ ಕೊಡದೆ ಎದುರಾಳಿಯನ್ನು ಕಟ್ಟಿಹಾಕಿದವನ ಕಥೆ ಹಿಂದೆ ಉಳಿಯುತ್ತದೆ. ಅಂಥ ಎಸೆತಗಾರರು ಈಗ ವಿರಳರಾಗಿದ್ದಾರೆ. ಹೀಗೇಕಾಯಿತು ಎಂಬುದನ್ನು ಇಂದು ಸ್ವಲ್ಪ ನೋಡೋಣ.

ನಮ್ಮ ಭಾಗದಿಂದಲೇ ಆರಂಭಿಸಬಹುದು. 1956ರ ನವೆಂಬರ್ 1ರವರೆಗೆ ದಾಮರಗಿದ್ದ, ನಾರಾಯಣಪೇಟೆ, ಮಖ್ತಲ್‌ಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ರಾಯಚೂರು, ಗುಲಬರ್ಗಾಗಳೂ ಅದೇ ರಾಜ್ಯದವು. ಗದ್ವಾಲ ಆಗ ರಾಯಚೂರು ಜಿಲ್ಲೆಯದೇ ತಾಲ್ಲೂಕು. ಆ ಹೈದರಾಬಾದಿನ ತಂಡದಲ್ಲಿ ಗುಲಾಂ ಅಹ್ಮದ್ ಎಂಬ ಆಫ್ ಸ್ಪಿನ್ ಎಸೆತಗಾರರಿದ್ದರು. 1950-51ರ ರಣಜಿ ಋತುವಿನಲ್ಲಿ ಹೋಳ್ಕರ್ ತಂಡದ ವಿರುದ್ಧ ಅವರು ಒಂದೇ ಇನಿಂಗ್ಸಿನಲ್ಲಿ 92.3 ಓವರ್, ಅಂದರೆ 555 ಎಸೆತಗಳನ್ನು ಹಾಕಿದರು. ದೊರೆತದ್ದು ನಾಲ್ಕು ವಿಕೆಟ್, ಕೊಟ್ಟದ್ದು 245 ಓಟ. ಅದಕ್ಕೂ ಮೊದಲು, 1944-45ರ ರಣಜಿ ಫೈನಲ್‌ನಲ್ಲಿ, ಹೋಳ್ಕರ್ ತಂಡದ ಸಿ. ಎಸ್. ನಾಯುಡು ಮುಂಬಯಿ ವಿರುದ್ಧ ಒಂದೇ ಪಂದ್ಯದಲ್ಲಿ 917 ಎಸೆತ ಹಾಕಿದ್ದರು. ಇಂದಿನ ತರಬೇತುದಾರರು ಈ ಲೆಕ್ಕ ಕೇಳಿದರೆ ಹೌಹಾರಿಯಾರು.

ಓಟವೇ ಬಾರದ ಓವರಿಗೆ ಮೇಡನ್ ಎನ್ನುತ್ತಾರೆ. 1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಬಾಪು ನಾಡಕರ್ಣಿ ಸತತವಾಗಿ 21 ಮೇಡನ್ ಓವರ್ ಎಸೆದರು. ಆ ಇನಿಂಗ್ಸಿನಲ್ಲಿ ಅವರ ಲೆಕ್ಕ: 32 ಓವರ್, 27 ಮೇಡನ್, 5 ಓಟ. ವಿಕೆಟ್ ಮಾತ್ರ ಒಂದೂ ಇಲ್ಲ! ಎದುರಿನವರೂ ಅಂದು ಓಟಕ್ಕೆ ಆತುರಪಡಲಿಲ್ಲ ಎಂಬುದು ನಿಜ. ಐದು ದಿನದ ಆಟದಲ್ಲಿ ಆತುರಪಡುವ ಅಗತ್ಯವೂ ಇರಲಿಲ್ಲ.

ಈ ಬದಲಾವಣೆ ಕ್ರಿಕೆಟ್ಟಿಗೆ ಮಾತ್ರ ಬಂದುದಲ್ಲ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವವನು ಪಿಚರ್. ಆರಂಭದಿಂದ ಕೊನೆಯವರೆಗೆ ಒಬ್ಬನೇ ಎಸೆದರೆ ಅದು ಪೂರ್ಣ ಪಂದ್ಯ. ಹಾಗೆ ಎಸೆದು ಒಂದು ಓಟವನ್ನೂ ಕೊಡದಿದ್ದರೆ ಅದು ಶಟ್‌ಔಟ್. 1904ರಲ್ಲಿ ಜ್ಯಾಕ್ ಚೆಸ್‌ಬ್ರೋ ಒಂದೇ ಋತುವಿನಲ್ಲಿ 48 ಪೂರ್ಣ ಪಂದ್ಯ ಎಸೆದರು. 1907ರಿಂದ 1927ರವರೆಗೆ ಆಡಿದ ವಾಲ್ಟರ್ ಜಾನ್ಸನ್ 110 ಶಟ್‌ಔಟ್ ಗಳಿಸಿದರು. 2022ರಲ್ಲಿಯಾದರೋ ಸ್ಯಾಂಡಿ ಅಲ್ಕಾಂಟರಾ ಆರು ಪೂರ್ಣ ಪಂದ್ಯ ಎಸೆದದ್ದೇ ಆ ವರ್ಷದ ಅತಿ ಹೆಚ್ಚು. ಒಬ್ಬನನ್ನೇ ಮೂರನೆಯ ಬಾರಿ ಎದುರಿಸುವ ಹೊತ್ತಿಗೆ ಬ್ಯಾಟುಗಾರರು ಅವನ ಎಸೆತವನ್ನು ಅರಿತುಕೊಂಡಿರುತ್ತಾರೆ. ಆದ್ದರಿಂದ ಅಲ್ಲಿನ ತಂಡಗಳು ಎಸೆತಗಳನ್ನು ಎಣಿಸಿ, ತೋಳು ದಣಿಯುವ ಮುನ್ನವೇ ಹೊಸ ಪಿಚರನ್ನು ಇಳಿಸುತ್ತವೆ.

ಕ್ರಿಕೆಟ್ಟಿನಲ್ಲಿ ಈ ಕೆಲಸವನ್ನು ನಿಯಮವೇ ಮಾಡಿತು. 1975ರ ಮೊದಲ ವಿಶ್ವಕಪ್ಪಿನಲ್ಲಿ ಒಬ್ಬ ಎಸೆತಗಾರನಿಗೆ 12 ಓವರಿನ ಮಿತಿ ಇತ್ತು. ಐವತ್ತು ಓವರಿನ ಆಟ ಬಂದಾಗ ಅದು ಹತ್ತಾಯಿತು. ಇಪ್ಪತ್ತು ಓವರಿನ ಆಟದಲ್ಲಿ ನಾಲ್ಕಕ್ಕೆ ಇಳಿಯಿತು. ನಾಲ್ಕು ಓವರೆಂದರೆ 24 ಎಸೆತ. ಗುಲಾಂ ಅಹ್ಮದ್ ಹಾಕಿದ 555 ಎಸೆತಗಳನ್ನು ಹೀಗೆ ಹಂಚಿದರೆ 23 ಪಂದ್ಯಗಳಿಗೆ ಸಾಕಾಗಿ ಇನ್ನೂ ಮೂರು ಎಸೆತ ಉಳಿಯುತ್ತವೆ.

ಹಾಗಾದರೆ ಇಂದಿನವರಲ್ಲಿ ಕಸುವು ಕಡಿಮೆಯೆ? ಹಾಗೆನ್ನುವುದು ನ್ಯಾಯವಲ್ಲ. ಕರ್ನಾಟಕದ ಅನಿಲ್ ಕುಂಬ್ಳೆಯವರನ್ನೇ ನೋಡಿ. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಪಡೆಯಲು ಅವರು 26.3 ಓವರ್ ಎಸೆದರು. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರ್ ಎಸೆದು ಬ್ರಿಯಾನ್ ಲಾರಾ ಅವರನ್ನು ಔಟ್ ಮಾಡಿದರು. 2004ರಲ್ಲಿ ಸಿಡ್ನಿಯ ಮೊದಲ ಇನಿಂಗ್ಸಿನಲ್ಲಿ 46.5 ಓವರ್ ಎಸೆದು ಎಂಟು ವಿಕೆಟ್ ಪಡೆದರು. ಅದೇ ಕುಂಬ್ಳೆ 2009ರಲ್ಲಿ ಐಪಿಎಲ್ ಪಂದ್ಯವೊಂದರಲ್ಲಿ ಬೆಂಗಳೂರಿನ ಪರವಾಗಿ ಕೇವಲ 19 ಎಸೆತಗಳಲ್ಲಿ, ಐದು ಓಟ ಕೊಟ್ಟು, ಐದು ವಿಕೆಟ್ ಕಿತ್ತರು. ಕೈ ಅದೇ, ಕುಶಲತೆ ಅದೇ. ಆಟ ಕೊಟ್ಟ ಕಾಲಾವಕಾಶ ಮಾತ್ರ ಬೇರೆ.

ಹಿಂದಿನ ಕಾಲವನ್ನು ಬರೀ ಹೊಗಳುವುದೂ ಸರಿಯಲ್ಲ. ಒಬ್ಬನೇ ತೊಂಬತ್ತು ಓವರ್ ಎಸೆಯುವುದು ಅವನ ಶರೀರಕ್ಕೆ ದೊಡ್ಡ ಹೊರೆ. ಹೊರೆ ಹಂಚಿಕೊಂಡರೆ ನಾಲ್ಕು ಜನ ಹುಡುಗರಿಗೆ ಅವಕಾಶವೂ ಸಿಗುತ್ತದೆ.

ಆದರೆ ನಷ್ಟವೂ ಇದೆ. ಪ್ರಸನ್ನ ಅವರು 49 ಟೆಸ್ಟುಗಳಲ್ಲಿ 189 ವಿಕೆಟ್, ಚಂದ್ರಶೇಖರ್ ಅವರು 58 ಟೆಸ್ಟುಗಳಲ್ಲಿ 242 ವಿಕೆಟ್ ಪಡೆದವರು. ಬ್ಯಾಟುಗಾರನಿಗೆ ಆಸೆ ತೋರಿಸಿ, ಕಾದು, ಮುಂದಿನ ಓವರಿನಲ್ಲಿ ಬಲೆಗೆ ಬೀಳಿಸುವುದು ಪ್ರಸನ್ನ ಅವರ ವಿದ್ಯೆ. ಆ ವಿದ್ಯೆ ಕಲಿಯಲು ಸಮಯ ಬೇಕು. ಹೊಡೆಸಿಕೊಂಡ ಮೇಲೂ ಚೆಂಡು ಮತ್ತೆ ಕೈಗೆ ಬರುತ್ತದೆಂಬ ಭರವಸೆ ಬೇಕು. ನಮ್ಮ ಊರುಗಳ ಟೆನಿಸ್ ಚೆಂಡಿನ ಪಂದ್ಯಾವಳಿಗಳಲ್ಲಿ ಒಂದು ಓವರಿನಲ್ಲಿ ಮೂರು ಬೌಂಡರಿ ಹೋದರೆ ಹುಡುಗನ ಕೈಯಿಂದ ಚೆಂಡು ಹೋಯಿತೆಂದೇ ಅರ್ಥ. ತಪ್ಪು ತಿದ್ದಿಕೊಳ್ಳುವ ಮುನ್ನವೇ ಅವನ ಆಟ ಮುಗಿದಿರುತ್ತದೆ.

ರಣಜಿ ಮತ್ತು ಟೆಸ್ಟ್ ಪಂದ್ಯಗಳು ಇನ್ನೂ ನಡೆಯುತ್ತಿವೆ. 2021ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನ್ಯೂಜಿಲೆಂಡಿನ ಎಜಾಜ್ ಪಟೇಲ್ 47.5 ಓವರ್ ಎಸೆದು ಭಾರತದ ಹತ್ತೂ ವಿಕೆಟ್ ಪಡೆದರು. ದಾರಿ ಪೂರ್ತಿ ಮುಚ್ಚಿಲ್ಲವೆಂಬುದಕ್ಕೆ ಅದು ಸಾಕ್ಷಿ. ಮೈದಾನದಲ್ಲಿ ಮಕ್ಕಳಿಗೆ ಆಟ ಕಲಿಸುವ ಹಿರಿಯರು ವಾರಕ್ಕೊಮ್ಮೆಯಾದರೂ ಓವರಿನ ಮಿತಿಯಿಲ್ಲದ ಪಂದ್ಯ ಆಡಿಸಲಿ. ಹೊಡೆಸಿಕೊಂಡ ಹುಡುಗನ ಕೈಗೇ ಚೆಂಡನ್ನು ಮತ್ತೊಮ್ಮೆ ಕೊಟ್ಟು ನೋಡಲಿ.