ಕಡಿದ ಕೊಂಡಿ, ಉಳಿದ ದಾರಿ

ಒಂದು ಕೋಟೆ ಬಿದ್ದೊಡನೆ ನಾಡೆಲ್ಲ ಏಕೆ ಬೀಳುತ್ತದೆಂದು ಎಂದಾದರೂ ಯೋಚಿಸಿದ್ದೀರಾ? 1824ರ ಅಕ್ಟೋಬರ್ 23ರಂದು ಥ್ಯಾಕರೆಯನ್ನು ಕೆಡವಿ ಗೆದ್ದ ಕಿತ್ತೂರು ಡಿಸೆಂಬರಿನಲ್ಲಿ ಸೋತಿತು. ನಾಡಿನ ಬಲವೆಲ್ಲ ಆ ಒಂದೇ ಕೋಟೆಯಲ್ಲಿ ಕೂಡಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ತೀರಿಕೊಂಡಳು.

ಆ ಬಳಿಕ ಎದ್ದ ಸಂಗೊಳ್ಳಿ ರಾಯಣ್ಣ ಈ ಪಾಠವನ್ನು ಅರಿತವನಂತೆ ನಡೆದನು. ಕೋಟೆ ಹಿಡಿದು ಕೂಡದೆ, ಕಾಡು ಹಳ್ಳಿಗಳನ್ನೇ ಆಸರೆ ಮಾಡಿಕೊಂಡು ಬೀಡಿ, ನಂದಗಡ, ಸಂಪಗಾವಿಗಳ ಕಡೆ ಸಂಚರಿಸಿದನು. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದಿತ್ತು. ಆದರೆ ಎಲ್ಲ ದಾರಿಗಳೂ ಹಾಯ್ದುದು ಅವನೊಬ್ಬನನ್ನೇ. 1830ರಲ್ಲಿ ಮೋಸದಿಂದ ಅವನು ಸೆರೆಯಾದನು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು, ದಂಗೆಯೂ ಅಡಗಿತು.

ಇಂದು ಹೊಲದಲ್ಲಿ, ಹೊಳೆದಂಡೆಯಲ್ಲಿ ನಿಲ್ಲಿಸುವ ತಂತಿಯಿಲ್ಲದ ಸಂವೇದಕಗಳ ಜಾಲಕ್ಕೂ ಇದೇ ಸಮಸ್ಯೆ. ಪ್ರತಿಯೊಂದು ಯಂತ್ರವೂ ನೆರೆಯ ಯಂತ್ರಕ್ಕೆ ಸುದ್ದಿ ದಾಟಿಸುತ್ತದೆ. ‘ಮುಟ್ಟಿತು’ ಎಂಬ ಮಾರುತ್ತರ ಬಾರದಿದ್ದರೆ ಮತ್ತೊಮ್ಮೆ ಕಳಿಸುತ್ತದೆ. ಆಗಲೂ ಬಾರದಿದ್ದರೆ ಬೇರೆ ನೆರೆಯನ್ನು ಹಿಡಿಯುತ್ತದೆ. ಎರಡು ದಾರಿಗಳಿದ್ದರೆ ಸಾಲದು. ಅವೆರಡೂ ಒಂದೇ ಗಂಟನ್ನು ಹಾಯುವಂತಿರಬಾರದು.

ಇದು ಬರಿಯ ಯಂತ್ರದ ಮಾತಲ್ಲ. 2019ರ ಆಗಸ್ಟಿನಲ್ಲಿ ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ಮಲಪ್ರಭೆಯ ನೀರು ರಾಮದುರ್ಗ ತಾಲೂಕಿನ ಊರುಗಳಿಗೆ ನುಗ್ಗಿತು. ಅಂಥ ಹೊತ್ತಿನಲ್ಲಿ ಮೇಲಣ ಊರಿನ ಸುದ್ದಿ ಕೆಳಗಣ ಊರಿಗೆ ಒಂದೇ ಕಂಬವನ್ನು ನಂಬಿ ಬರುವಂತಿದ್ದರೆ, ನೀರು ಮೊದಲು ಕೆಡವುವುದು ಆ ಕಂಬವನ್ನೇ. ನಿಮ್ಮೂರಿಗೆ ಸುದ್ದಿ ಬರುವ ದಾರಿಗಳೆಷ್ಟು? ಮಳೆಗಾಲಕ್ಕೆ ಮುನ್ನ ಒಮ್ಮೆ ಎಣಿಸಿ ನೋಡಿರಿ.